ಜಪಾನಿನ ಸೌತೆಕಾಯಿ ಸುನೊಮೊನೊ: ನೀರು ಹಿಂಡೋದು ಸರಿಯಾಗಿ ಬಂದ್ರೆ ಮಿಕ್ಕಿದ್ದೆಲ್ಲ ಸುಲಭ

ಟೋಕಿಯೋದ ಆಗಸ್ಟ್ ಸೆಕೆ ಹೆಂಗಿರುತ್ತೆ ಅಂದ್ರೆ ನಮ್ಮ ಮಂಗಳೂರಿನ ಮೇ ತಿಂಗಳು ನೆನಪಿಸ್ಕೊಳ್ಳಿ, 35 ಡಿಗ್ರಿ ಹತ್ರ ಹೋಗಿರುತ್ತೆ, ಗಾಳಿ ಆಡಲ್ಲ, ಮೈಯೆಲ್ಲ ಅಂಟಂಟು. ನಾವು ನಾಲ್ಕು ವರ್ಷ ನಿಶಿ-ಕಸಾಯ್‌ನಲ್ಲಿದ್ವಿ, ಎದೊಗಾವಾ ವಾರ್ಡಿನ ಆ ಏರಿಯಾದಲ್ಲಿ ನಮ್ಮ ದೇಶದವ್ರು ತುಂಬಾ ಜನ ಇದಾರೆ, ತೊಗರಿಬೇಳೆ ಹುಣಸೆಹಣ್ಣು ಸಿಗೋ ಅಂಗಡಿಗಳಿದಾವೆ, ಹಾಗಾಗಿ ಊಟಕ್ಕೇನೂ ತೊಂದ್ರೆ ಇರ್ಲಿಲ್ಲ. ಆದ್ರೆ ಆ ಸೆಕೇಲಿ ಬಿಸಿ ಸಾರು-ಅನ್ನ ಗಂಟಲಲ್ಲಿ ಇಳೀತಿರ್ಲಿಲ್ಲ. ಬೇಸಿಗೇಲಿ ಹಿಂಗೆ ಹಸಿವು ಸತ್ತು ಮೈ ಬಸವಳಿಯೋದಕ್ಕೆ ಅಲ್ಲಿಯವರದ್ದೇ ಒಂದು ಪದ ಇದೆ, ನತ್ಸುಬಾತೆ ಅಂತಾರೆ. ಅಂಥ ಒಂದು ಮಧ್ಯಾಹ್ನ ಪಕ್ಕದ ಮನೆ ಅಜ್ಜಿ ಒಂದು ಪುಟಾಣಿ ಬಟ್ಟಲು ತಂದುಕೊಟ್ರು, ಒಳಗೆ ಕಾಗದದ ಥರ ತೆಳ್ಳಗೆ ಹೆಚ್ಚಿದ ಸೌತೆಕಾಯಿ, ಮಧ್ಯೆ ಕಡುಹಸಿರಿನ ಪಾಚಿ ಎಸಳು, ಮೇಲೆ ಎಳ್ಳು. ಎರಡೇ ಎರಡು ತುತ್ತು. ಫ್ರಿಡ್ಜಿಂದ ತೆಗೆದ ತಣ್ಣನೆ, ಹುಳಿ-ಸಿಹಿ, ಹಲ್ಲಿಗೆ ಸಿಕ್ಕಿದ್ರೆ ಕರುಂ ಕುರುಂ ಅನ್ನುತ್ತೆ. ಅದನ್ನ ತಿಂದು ಐದು ನಿಮಿಷಕ್ಕೆ ನಂಗೆ ಹಸಿವಾಯ್ತು, ಇದು ನಿಜವಾಗ್ಲೂ ನಡೆದದ್ದು.

ಅದೇ ಸುನೊಮೊನೊ. ಜಪಾನೀ ಭಾಷೇಲಿ ಸು ಅಂದ್ರೆ ವಿನೆಗರ್, ಮೊನೊ ಅಂದ್ರೆ ಪದಾರ್ಥ, ಅಷ್ಟೇ ಅರ್ಥ, ವಿನೆಗರ್ ಹಾಕಿದ ಪದಾರ್ಥ. ಸೌತೆಕಾಯಿದೇ ಆಗ್ಬೇಕು ಅಂತೇನಿಲ್ಲ, ಮೂಲಂಗಿದು ಮಾಡ್ತಾರೆ, ಆಕ್ಟೋಪಸ್ ಏಡಿ ಹಾಕಿ ಮಾಡ್ತಾರೆ, ಆದ್ರೆ ಮನೆಮನೆಗಳಲ್ಲಿ ಹೆಚ್ಚಾಗಿ ಕಾಣೋದು ಸೌತೆಕಾಯಿ ಮತ್ತೆ ವಕಾಮೆ ಅನ್ನೋ ಸಮುದ್ರದ ಪಾಚಿ ಸೇರಿಸಿದ್ದು. ಇದನ್ನ ಸ್ಯಾಲಡ್ ಅಂತ ಕರೀತೀವಿ ನಿಜ, ಆದ್ರೆ ತಟ್ಟೆ ತುಂಬ ಹಾಕ್ಕೊಂಡು ತಿನ್ನೋ ಸ್ಯಾಲಡ್ ಅಲ್ಲ ಇದು, ಕೊಬಾಚಿ ಅನ್ನೋ ಅಂಗೈಯಗಲದ ಬಟ್ಟಲಲ್ಲಿ ಸ್ವಲ್ಪ ಸ್ವಲ್ಪ ಬಡಿಸ್ತಾರೆ. ನಮ್ಮ ಬಾಳೆಎಲೆ ಮೇಲೆ ಕೋಸಂಬರಿಗೆ ಎಷ್ಟು ಜಾಗವೋ ಅಷ್ಟೇ ಜಾಗ ಇದಕ್ಕೂ.

ಕೋಸಂಬರಿ ಹೆಸರು ಬಂದಿದ್ದಕ್ಕೆ ಇಲ್ಲೇ ಮುಖ್ಯವಾದ ಮಾತು ಹೇಳ್ಬಿಡ್ತೀನಿ. ಸೌತೆಕಾಯೀಲಿ ಸುಮಾರು 95 ಪರ್ಸೆಂಟ್ ನೀರೇ ಇರೋದು. ಉಪ್ಪು ಬಿದ್ದ ತಕ್ಷಣ ಆ ನೀರು ಹೊರಗೆ ಬರುತ್ತೆ. ಇದಕ್ಕೆ ನಮ್ಮಮ್ಮ ಕಂಡ್ಕೊಂಡಿದ್ದ ದಾರಿ ಏನು, ಕೋಸಂಬರಿಗೆ ಉಪ್ಪನ್ನ ಎಲ್ಲಕ್ಕಿಂತ ಕೊನೇಲಿ ಹಾಕೋದು, ಎಲೆ ಹಾಕಿ ಜನ ಕೂತ ಮೇಲೆ ಹಾಕಿ ಕಲಸಿ ಬಡಿಸೋದು, ನೀರು ಬಿಡೋಷ್ಟರಲ್ಲಿ ತಿಂದು ಆಗಿರ್ಬೇಕು. ಜಪಾನಿನವರು ಇದಕ್ಕೆ ಪೂರ್ತಿ ಉಲ್ಟಾ ದಾರಿ ಹಿಡಿದಿದಾರೆ, ಉಪ್ಪನ್ನ ಮೊದಲೇ ಹಾಕಿ, ಬರೋ ನೀರನ್ನೆಲ್ಲ ಬರಿಸಿ, ಹಿಂಡಿ ಚೆಲ್ಲಿ, ಆ ಖಾಲಿಯಾದ ಸೌತೆಕಾಯಿಗೆ ವಿನೆಗರ್ ರಸ ಕುಡಿಸೋದು. ಇದು ಅರ್ಥ ಆದ್ರೆ ಸುನೊಮೊನೊ ಬಂದ ಹಾಗೇನೇ. ಅಳತೆ ಒಂಚೂರು ಆಚೆ ಈಚೆ ಆದ್ರೂ ನಡಿಯುತ್ತೆ, ಹಿಂಡೋದು ಸರಿಯಾಗಿಲ್ಲ ಅಂದ್ರೆ ಎಷ್ಟು ದುಡ್ಡಿನ ವಿನೆಗರ್ ತಂದ್ರೂ ತಳದಲ್ಲಿ ನೀರು ನಿಂತು ಸಪ್ಪೆ ಸಪ್ಪೆ ಆಗುತ್ತೆ.

ಯಾವ ಸೌತೆಕಾಯಿ

ಜಪಾನಿನ ಸೌತೆಕಾಯಿಗೆ ಕ್ಯೂರಿ ಅಂತಾರೆ, ಉದ್ದ ಒಂದು 20 ಸೆಂಟಿಮೀಟರ್, ತೂಕ ಸುಮಾರು 100 ಗ್ರಾಂ, ಸಣ್ಣಗೆ ಕೋಲಿನ ಥರ ಇರುತ್ತೆ, ಸಿಪ್ಪೆ ತೆಳು, ಬೀಜ ಇದ್ದೂ ಇಲ್ಲದ ಹಾಗೆ. ಕ್ಯೂರಿ ಅನ್ನೋ ಪದ ಬಂದಿರೋದು ಕಿ-ಉರಿ ಇಂದ, ಹಳದಿ ಕಾಯಿ ಅಂತ ಅರ್ಥ, ಯಾಕಂದ್ರೆ ಹಿಂದೆ ಅಲ್ಲೂ ಸೌತೆಕಾಯಿಯನ್ನ ಪೂರ್ತಿ ಬಲಿತು ಹಳದಿಯಾದ ಮೇಲೆ ತಿಂತಿದ್ರಂತೆ, ಎಳೇದನ್ನ ಹಸಿರಾಗಿರುವಾಗ್ಲೇ ತಿನ್ನೋ ರೂಢಿ ಆಮೇಲೆ ಬಂದಿದ್ದು. ಇನ್ನೊಂದು ವಿಷ್ಯ ಹೇಳ್ಲೇಬೇಕು, ಸೌತೆಕಾಯಿಯ ತವರು ನಮ್ಮದೇ ಹಿಮಾಲಯದ ತಪ್ಪಲು, ಅದರ ಕಾಡು ಜಾತಿ ಈಗ್ಲೂ ಅಲ್ಲಿ ಸಿಗುತ್ತೆ. ಇಲ್ಲಿಂದ ಚೀನಾಕ್ಕೆ ಹೋಗಿ ಅಲ್ಲಿಂದ ಜಪಾನ್ ಸೇರ್ಕೊಂಡಿದೆ. ಈಗ ಜಪಾನಲ್ಲಿ ಅತಿ ಹೆಚ್ಚು ಬೆಳೆಯೋದು ದಕ್ಷಿಣದ ಮಿಯಾಜಾಕಿ ಪ್ರಾಂತ್ಯದಲ್ಲಿ.

ಇಲ್ಲಿ ಕ್ಯೂರಿ ಸಿಗಲಿಲ್ಲ ಅಂದ್ರೆ ಸೂಪರ್ ಮಾರ್ಕೆಟ್ಟಲ್ಲಿ ಪ್ಲಾಸ್ಟಿಕ್ ಸುತ್ತಿಟ್ಟಿರ್ತಾರಲ್ಲ ಇಂಗ್ಲಿಷ್ ಸೌತೆಕಾಯಿ, ಅದು ಎಲ್ಲಕ್ಕಿಂತ ಹತ್ರ. ಒಂದು ತಂದ್ರೆ ಸುಮಾರು 300 ಗ್ರಾಂ ಬರುತ್ತೆ, ನಾಲ್ಕು ಜನಕ್ಕೆ ಸಾಕು. ಸಂತೇಲಿ ಸಿಗೋ ನಾಟಿ ಸೌತೆಕಾಯಿ, ಕರಾವಳಿ ಕಡೆ ಮುಳ್ಳುಸೌತೆ ಅಂತಾರಲ್ಲ, ಅದೂ ಆಗುತ್ತೆ, ಆದ್ರೆ ಎಳೇದನ್ನೇ ಆರಿಸ್ಕೊಳ್ಳಿ, ಸಿಪ್ಪೆ ದಪ್ಪ ಇದ್ರೆ ಪಟ್ಟೆ ಪಟ್ಟೆಯಾಗಿ ಅರ್ಧಂಬರ್ಧ ಹೆರೀರಿ, ಉದ್ದಕ್ಕೆ ಸೀಳಿ ಬೀಜದ ತಿರುಳನ್ನ ಚಮಚದಲ್ಲಿ ಕೆರೆದು ತೆಗೀರಿ. ಆ ತಿರುಳು ಎಸೀಬೇಡಿ, ಮಜ್ಜಿಗೆಗೆ ಹಾಕಿ. ಹುಳಿಗೆ ಹಾಕೋ ಹಳದಿ ಪಟ್ಟೆಯ ಮಂಗಳೂರು ಸೌತೆ ಮಾತ್ರ ಇದಕ್ಕೆ ಬೇಡ, ಅದರ ಗುಣವೇ ಬೇರೆ.

ಹೆಚ್ಚೋ ಮುಂಚೆ ಎರಡೂ ತುದಿ ಕತ್ತರಿಸಿ ತೊಟ್ಟಿನ ಕಡೆಯ ಒಂದು ಚೂರು ಬಾಯಿಗೆ ಹಾಕ್ಕೊಂಡು ನೋಡಿ. ಕಹಿ ಸಾಮಾನ್ಯವಾಗಿ ತೊಟ್ಟಿನ ಹತ್ರಾನೇ ಜಾಸ್ತಿ. ಒಂಚೂರು ಕಹಿ ಇದ್ರೆ ಎರಡು ಬೆರಳಗಲ ಕತ್ತರಿಸಿ ಬಿಸಾಕಿ, ಮಧ್ಯದಲ್ಲೂ ಕಡು ಕಹಿ ಇದ್ರೆ ಆ ಕಾಯಿ ತಿನ್ನೋದೇ ಬೇಡ, ಹೊಟ್ಟೆಗೆ ಒಳ್ಳೇದಲ್ಲ. ಇದನ್ನ ಬಿಟ್ಟು ಮುಂದಕ್ಕೆ ಹೋದ್ರೆ ಪೂರ್ತಿ ಬಟ್ಟಲು ಕಹಿಯಾಗುತ್ತೆ, ನಂಗೆ ಒಂದ್ಸಲ ಮನೆಗೆ ನೆಂಟರು ಬಂದಾಗ್ಲೇ ಹಂಗಾಗಿ ಎಲ್ಲಾ ಚೆಲ್ಲಬೇಕಾಯ್ತು.

ಬೇಕಾಗಿರೋದು ಇಷ್ಟು

ನಾಲ್ಕು ಪುಟ್ಟ ಬಟ್ಟಲಿಗೆ ಹೇಳ್ತೀನಿ. ಸೌತೆಕಾಯಿ 300 ಗ್ರಾಂ. ಪುಡಿ ಉಪ್ಪು ಒಂದು ಟೀ ಸ್ಪೂನ್ ಸಪಾಟಾಗಿ, ಅಂದ್ರೆ 6 ಗ್ರಾಂ. ಒಣ ವಕಾಮೆ ಒಂದು ಟೇಬಲ್ ಸ್ಪೂನ್. ಬಿಳಿ ಎಳ್ಳು ಎರಡು ಟೀ ಸ್ಪೂನ್. ರಸಕ್ಕೆ ಅಕ್ಕಿ ವಿನೆಗರ್ ಮೂರು ಟೇಬಲ್ ಸ್ಪೂನ್, ಸಕ್ಕರೆ ಒಂದೂವರೆ ಟೇಬಲ್ ಸ್ಪೂನ್, ಸೋಯಾ ಸಾಸ್ ಒಂದು ಟೀ ಸ್ಪೂನ್, ನೀರು ಒಂದು ಟೇಬಲ್ ಸ್ಪೂನ್. ಟೇಬಲ್ ಸ್ಪೂನ್ ಅಂದ್ರೆ 15 ಎಂಎಲ್, ಟೀ ಸ್ಪೂನ್ ಅಂದ್ರೆ 5 ಎಂಎಲ್, ಮನೇಲಿ ಊಟ ಮಾಡೋ ಚಮಚ ಅಲ್ಲ, ಅಳತೆ ಚಮಚ ಇದ್ರೆ ಅದನ್ನೇ ತಗೊಳ್ಳಿ.

ವಿನೆಗರ್ ಬಗ್ಗೆ ಸ್ವಲ್ಪ ಜಾಸ್ತಿ ಹೇಳ್ತೀನಿ ಯಾಕಂದ್ರೆ ಇಲ್ಲಿ ತುಂಬಾ ಜನ ಎಡವೋದು ಇದರಲ್ಲೇ. ಜಪಾನಿನ ಅಕ್ಕಿ ವಿನೆಗರ್‌ಗೆ ಕೊಮೆಜು ಅಂತಾರೆ, ಅಕ್ಕಿಯನ್ನ ಹುದುಗಿಸಿ ಮಾಡೋದ್ರಿಂದ ಹುಳಿ ಜೊತೆಗೆ ಅಕ್ಕಿಯ ಸಣ್ಣ ಸಿಹಿ, ಸಣ್ಣ ರುಚಿ ಎಲ್ಲ ಇರುತ್ತೆ, ಮೂಗಿಗೆ ಹೊಡಿಯಲ್ಲ. ಇಲ್ಲಿ ಗೋಬಿ ಮಂಚೂರಿಗೆ ಹಾಕೋ ಬಿಳಿ ಸಿಂಥೆಟಿಕ್ ವಿನೆಗರ್ ಇದ್ಯಲ್ಲ ಅದು ಅಸಿಟಿಕ್ ಆಸಿಡ್‌ಗೆ ನೀರು ಸೇರಿಸಿದ್ದು, ಹುಳಿ ಬಿಟ್ರೆ ಬೇರೇನೂ ಇಲ್ಲ, ಹಾಗಾಗಿ ಅದನ್ನ ಅದೇ ಅಳತೇಲಿ ಹಾಕಿದ್ರೆ ಕೆಮ್ಮು ಬರುತ್ತೆ. ಅದೊಂದೇ ಇದ್ರೆ ಎರಡು ಟೇಬಲ್ ಸ್ಪೂನ್ ವಿನೆಗರ್‌ಗೆ ಎರಡು ಟೇಬಲ್ ಸ್ಪೂನ್ ನೀರು ಹಾಕಿ, ಪರವಾಗಿಲ್ಲ ಅನ್ನೋ ಮಟ್ಟಿಗೆ ಬರುತ್ತೆ. ಆಪಲ್ ಸೈಡರ್ ವಿನೆಗರ್ ಅದಕ್ಕಿಂತ ಎಷ್ಟೋ ವಾಸಿ. ಅಕ್ಕಿ ವಿನೆಗರ್ ಬೆಂಗಳೂರಲ್ಲಿ ದೊಡ್ಡ ಸೂಪರ್ ಮಾರ್ಕೆಟ್‌ಗಳಲ್ಲಿ ನೂಡಲ್ಸ್ ಸಾಸ್ ಇಡೋ ಶೆಲ್ಫಲ್ಲಿ ಸಿಗುತ್ತೆ, ಆನ್‌ಲೈನಲ್ಲೂ ಸಿಗುತ್ತೆ. ಒಂದು ಜಾಗ್ರತೆ ಏನಂದ್ರೆ ಸುಶಿ ವಿನೆಗರ್ ಅಂತ ಬರೆದಿದ್ರೆ ಅದಕ್ಕೆ ಮೊದಲೇ ಸಕ್ಕರೆ ಉಪ್ಪು ಸೇರಿಸಿರ್ತಾರೆ, ಅದನ್ನ ತಂದ್ರೆ ನೀವು ಮತ್ತೆ ಸಕ್ಕರೆ ಹಾಕ್ಬೇಡಿ. ಮನೇಲಿ ನಿಂಬೆಹಣ್ಣು ಮಾತ್ರ ಇದ್ರೆ? ಹಾಕಬಹುದು, ಜಪಾನಲ್ಲೂ ಯುಜು, ತೊಕುಶಿಮಾ ಕಡೆಯ ಸುದಾಚಿ, ಒಯಿತಾ ಕಡೆಯ ಕಾಬೊಸು ಅಂತ ನಿಂಬೆ ಜಾತಿಯ ಹಣ್ಣುಗಳ ಹುಳಿಯನ್ನ ಇಂಥ ಅಡುಗೆಗೆ ಧಾರಾಳವಾಗಿ ಬಳಸ್ತಾರೆ. ಒಂದು ಪಾಲು ನಿಂಬೆರಸ, ಎರಡು ಪಾಲು ವಿನೆಗರ್ ಹಾಕಿದ್ರೆ ನಂಗಂತೂ ತುಂಬಾ ಇಷ್ಟ.

ಸೋಯಾ ಸಾಸಲ್ಲೂ ಡಾರ್ಕ್ ಸೋಯಾ ಬೇಡ, ಅದರ ಕಪ್ಪು ಬಣ್ಣಕ್ಕೆ ಸೌತೆಕಾಯಿ ಕೊಳಕಾಗಿ ಕಾಣುತ್ತೆ. ಸಹಜವಾಗಿ ಹುದುಗಿಸಿದ್ದು ಅಂತ ಲೇಬಲ್ ಮೇಲೆ ಇರೋ ಜಪಾನೀ ಸೋಯಾ ಸಾಸ್ ಒಂದು ಸಣ್ಣ ಬಾಟಲಿ ತಂದಿಟ್ರೆ ತಿಂಗಳುಗಟ್ಟಲೆ ಬರುತ್ತೆ, ಓಪನ್ ಮಾಡಿದ ಮೇಲೆ ಫ್ರಿಡ್ಜಲ್ಲಿಡಿ.

ವಕಾಮೆ ಬಗ್ಗೆ. ಜಪಾನಿನ ಈಶಾನ್ಯದ ಸಾನ್ರಿಕು ಕರಾವಳಿಯ ವಕಾಮೆಗೆ, ಆಮೇಲೆ ನರುತೊ ಜಲಸಂಧಿಯ ವಕಾಮೆಗೆ ಅಲ್ಲಿ ದೊಡ್ಡ ಹೆಸರು. ಒಣಗಿಸಿ ಚೂರು ಮಾಡಿದ್ದು ಪ್ಯಾಕೆಟ್ಟಲ್ಲಿ ಬರುತ್ತೆ, ನೋಡೋಕೆ ಚಹಾಪುಡಿ ಥರ ಇರುತ್ತೆ. ಹತ್ತು ಪಟ್ಟು ಹಿಗ್ಗುತ್ತೆ, ಹಾಗಾಗಿ ಕಣ್ಣಳತೇಲಿ ಸುರೀಬೇಡಿ, ಒಂದು ಟೇಬಲ್ ಸ್ಪೂನ್ ಅಂದ್ರೆ ಒಂದೇ ಟೇಬಲ್ ಸ್ಪೂನ್. ಸಿಗಲಿಲ್ಲ ಅಂದ್ರೆ ಬಿಟ್ಬಿಡಿ, ಬರೀ ಸೌತೆಕಾಯಿ ಎಳ್ಳು ಹಾಕಿ ಮಾಡಿದ್ರೂ ಅದು ಸುನೊಮೊನೊನೇ, ಅದಕ್ಕೆ ಬದಲಿಯಾಗಿ ಪಾಲಕ್ ಸೊಪ್ಪು ಹಾಕ್ತೀನಿ ಅನ್ನೋದೆಲ್ಲ ಬೇಡ.

ಸಸ್ಯಾಹಾರಿಗಳು ಗಮನಿಸಿ

ಪಾಚಿ, ವಿನೆಗರ್, ಸೋಯಾ ಯಾವುದರಲ್ಲೂ ಮೀನಿಲ್ಲ, ಆದ್ರೆ ಜಪಾನಿನ ಹೋಟೆಲಲ್ಲಿ ಇದೇ ಪದಾರ್ಥ ತಿನ್ನೋವಾಗ ಕೇಳ್ಕೊಳ್ಳಲೇಬೇಕು. ಯಾಕಂದ್ರೆ ರಸ ತೆಳು ಮಾಡೋಕೆ ನೀರಿನ ಬದಲು ದಾಶಿ ಹಾಕ್ತಾರೆ, ದಾಶಿ ಅಂದ್ರೆ ನಮ್ಮ ಬೇಳೆಕಟ್ಟಿನ ಥರ ಅಡುಗೆಗೆ ಆಧಾರವಾದ ತಿಳಿ, ಹೆಚ್ಚಾಗಿ ಅದನ್ನ ಕತ್ಸುಒಬುಶಿ ಅನ್ನೋ ಒಣಮೀನಿನ ಹೆರಕಲಿಂದ ಮಾಡೋದು. ಅದು ಸೇರಿದ ವಿನೆಗರ್ ರಸಕ್ಕೆ ತೊಸಾಜು ಅಂತ ಬೇರೆ ಹೆಸರೇ ಇದೆ, ತೊಸಾ ಅಂದ್ರೆ ಈಗಿನ ಕೊಚಿ ಪ್ರಾಂತ್ಯದ ಹಳೇ ಹೆಸರು. ಮೀನು ಬೇಡದವ್ರು ಕೊಂಬು ಅನ್ನೋ ದಪ್ಪ ಪಾಚಿ ಪಟ್ಟಿ ಸಿಕ್ಕಿದ್ರೆ ಬೆರಳುದ್ದದ್ದು ಒಂದನ್ನ ಒಂದು ಲೋಟ ತಣ್ಣೀರಲ್ಲಿ ರಾತ್ರಿಯಿಡೀ ನೆನೆಸಿ, ಆ ನೀರನ್ನೇ ದಾಶಿ ಅಂತ ಬಳಸಿ. ಇಲ್ಲಾಂದ್ರೆ ಬರೀ ನೀರು ಸಾಕು. ಇನ್ಸ್ಟಂಟ್ ದಾಶಿ ಪುಡಿಗಳಲ್ಲಿ ಹೆಚ್ಚಿನವು ಮೀನಿಂದೇ ಮಾಡಿದ್ದು, ಪ್ಯಾಕೆಟ್ ಹಿಂದೆ ಓದಿ ತಗೊಳ್ಳಿ. ಇನ್ನು ಕೆಲವ್ರು ಸಕ್ಕರೆ ಜಾಗಕ್ಕೆ ಮಿರಿನ್ ಅನ್ನೋ ಅಡುಗೆಯ ಸಿಹಿ ಅಕ್ಕಿ ಮದ್ಯ ಹಾಕ್ತಾರೆ, ನಿಜವಾದ ಮಿರಿನಲ್ಲಿ ಸುಮಾರು 14 ಪರ್ಸೆಂಟ್ ಆಲ್ಕೋಹಾಲ್ ಇರುತ್ತೆ, ಬೇಡ ಅನ್ನೋರು ಸಕ್ಕರೆಯಲ್ಲೇ ಮುಂದುವರೀರಿ, ರುಚಿಗೇನೂ ಮೋಸ ಇಲ್ಲ.

ಈಗ ಮಾಡೋದು

ಮೊದಲು ರಸ ಮಾಡಿಟ್ಕೊಳ್ಳಿ, ಅದು ತಣ್ಣಗಾಗ್ಬೇಕಲ್ಲ. ಸಣ್ಣ ಪಾತ್ರೇಲಿ ವಿನೆಗರ್, ಸಕ್ಕರೆ, ಸೋಯಾ ಸಾಸ್, ನೀರು ಹಾಕಿ ಸಣ್ಣ ಉರೀಲಿ ಸಕ್ಕರೆ ಕರಗೋವರೆಗೆ ಮಾತ್ರ ಬೆಚ್ಚಗೆ ಮಾಡಿ ಇಳಿಸಿ, ಕೊತಕೊತ ಕುದಿಸ್ಬೇಡಿ, ಹುಳಿಯ ಘಮ ಎಲ್ಲ ಆವಿಯಾಗಿ ಹೋಗುತ್ತೆ. ಸ್ಟವ್ ಹಚ್ಚೋಕೆ ಬೇಜಾರಾದ್ರೆ ಸಕ್ಕರೆಯನ್ನ ಮಿಕ್ಸೀಲಿ ಪುಡಿ ಮಾಡಿ ಹಾಕಿ ಕದಡಿದ್ರೂ ಆಯ್ತು. ಆರಿದ ಮೇಲೆ ಫ್ರಿಡ್ಜಿಗೆ. ಜಪಾನಲ್ಲಿ ಇಂಥ ರಸಗಳಿಗೆ ಲೆಕ್ಕದ ಹೆಸರುಗಳಿದಾವೆ, ವಿನೆಗರ್ ಒಂದು ಬಟ್ಟಲು ಸೋಯಾ ಒಂದು ಬಟ್ಟಲು ಸೇರಿದ್ರೆ ನಿಹಾಯ್‌ಜು, ಎರಡು ಬಟ್ಟಲಿನದ್ದು ಅಂತ, ಅದಕ್ಕೆ ಮಿರಿನ್ನೂ ಒಂದು ಬಟ್ಟಲು ಸೇರಿದ್ರೆ ಸಾನ್‌ಬಾಯ್‌ಜು, ಮೂರು ಬಟ್ಟಲಿನದ್ದು. ಈಗ ಯಾರೂ ಆ ಸಮಪಾಲಿನ ಲೆಕ್ಕ ಹಿಡಿಯಲ್ಲ, ಒಬ್ಬೊಬ್ಬರ ಮನೇಲಿ ಒಂದೊಂದು ಅಳತೆ, ನಾನು ಹೇಳಿದ್ದು ಸ್ವಲ್ಪ ಸಿಹಿ ಮುಂದಿರೋ ಅಳತೆ, ಮೊದಲ ಸಲ ತಿನ್ನೋರಿಗೆ ಇದೇ ಹಿಡಿಸುತ್ತೆ.

ಆಮೇಲೆ ಸೌತೆಕಾಯಿ ತೊಳೆದು ಮಣೆ ಮೇಲಿಟ್ಟು, ಒಂದು ಚಿಟಿಕೆ ಕಲ್ಲುಪ್ಪಿನ ತರಿ ಉದುರಿಸಿ, ಅಂಗೈ ಅಡಿಯಲ್ಲಿ ಚಪಾತಿ ಲಟ್ಟಣಿಗೆ ಉರುಳಿಸೋ ಹಾಗೆ ಹಿಂದೆ ಮುಂದೆ ಉರುಳಿಸಿ. ಇದಕ್ಕೆ ಇತಾಜುರಿ ಅಂತಾರೆ. ಸಿಪ್ಪೆ ಮೇಲಿನ ಸಣ್ಣ ಮುಳ್ಳು ಹೋಗುತ್ತೆ, ಹಸಿರು ಇನ್ನೂ ಎದ್ದು ಕಾಣುತ್ತೆ. ಒಂದು ನಿಮಿಷದ ಕೆಲಸ, ಉಪ್ಪು ತೊಳೆದು ಒರೆಸಿ.

ಇನ್ನು ಹೆಚ್ಚೋದು. ದಪ್ಪ ಒಂದೂವರೆಯಿಂದ ಎರಡು ಮಿಲಿಮೀಟರ್, ಅಂದ್ರೆ ಬಿಲ್ಲೆ ಎತ್ತಿ ಬೆಳಕಿಗೆ ಹಿಡಿದ್ರೆ ಬೆಳಕು ಕಾಣ್ಬೇಕು ಆದ್ರೆ ಬಾಳೆಕಾಯಿ ಚಿಪ್ಸಿನಷ್ಟು ತೆಳು ಆಗಬಾರದು. ತೀರಾ ತೆಳುವಾದ್ರೆ ಹಿಂಡೋವಾಗ ಹರಿದು ಹೋಗುತ್ತೆ, ದಪ್ಪ ಆದ್ರೆ ಉಪ್ಪು ಒಳಗೆ ಹೋಗಲ್ಲ, ಬಗ್ಗಲ್ಲ. ಚಾಕುವಲ್ಲಿ ಕೈ ಕೂತವ್ರು ಚಾಕುವಲ್ಲೇ ಮಾಡಿ, ಇಲ್ಲದಿದ್ರೆ ತುರಿಮಣೆ ಬದಿಯಲ್ಲಿ ಚಿಪ್ಸ್ ಮಾಡೋ ಬ್ಲೇಡ್ ಇರುತ್ತಲ್ಲ ಅದು ಸಾಕು. ನಂದು ಕಪ್ಪಾಬಾಶಿಯಿಂದ ತಂದ ಸ್ಲೈಸರ್, ಟೋಕಿಯೋದ ಉಎನೊಗೂ ಅಸಾಕುಸಾಗೂ ಮಧ್ಯದಲ್ಲಿರೋ ಆ ಬೀದಿ ಪೂರ್ತಿ ಅಡುಗೆಮನೆ ಸಾಮಾನಿನ ಅಂಗಡಿಗಳೇ, ಯಾರಾದ್ರೂ ಆ ಕಡೆ ಹೋದ್ರೆ ಒಂದು ದಿನ ಅಲ್ಲಿಗೇ ಇಟ್ಕೊಳ್ಳಿ. ಸ್ಲೈಸರಲ್ಲಿ ಕೊನೆ ಎರಡಂಗುಲ ಬಂದಾಗ ಕೈ ನಿಲ್ಲಿಸಿ, ಉಳಿದ ತುಂಡು ತಿನ್ನಿ, ಬೆರಳು ಉಳೀಲಿ.

ಹೆಚ್ಚಿದ ಒಂದು ಬಿಲ್ಲೆಯನ್ನ ಸ್ವಲ್ಪ ಹೊತ್ತು ನೋಡಿ, ಮಧ್ಯೆ ಮೂರು ಭಾಗವಾಗಿ ಹೂವಿನ ಥರ ಚಿತ್ರ ಇರುತ್ತೆ. ಫುಕುವೋಕಾದ ಹಕಾತಾದಲ್ಲಿ ಜುಲೈ 1ರಿಂದ 15ರವರೆಗೆ ಗಿಯೊನ್ ಯಾಮಾಕಾಸಾ ಅನ್ನೋ ದೊಡ್ಡ ಉತ್ಸವ ಆಗುತ್ತೆ, ಅದರಲ್ಲಿ ತೇರು ಹೊರೋರು ಆ ಹದಿನೈದು ದಿನ ಸೌತೆಕಾಯಿ ಮುಟ್ಟಲ್ಲ, ಯಾಕಂದ್ರೆ ಈ ಬಿಲ್ಲೆಯ ಚಿತ್ರ ಅವರ ಕುಶಿದಾ ದೇವಸ್ಥಾನದ ದೇವರ ಲಾಂಛನದ ಹಾಗೇ ಕಾಣುತ್ತೆ ಅಂತ. ಸೌತೆಕಾಯಿಯ ಸೀಸನ್ನಲ್ಲೇ, ಅಷ್ಟು ಸೆಕೇಲೇ, ದೇವರ ಗುರುತು ಅಂತ ಬಿಡೋದು, ನಂಗೆ ಇದು ಕೇಳಿದಾಗಿಂದ ಹೆಚ್ಚೋವಾಗೆಲ್ಲ ನೆನಪಾಗುತ್ತೆ.

ಈಗ ಉಪ್ಪು. ಬಿಲ್ಲೆಗಳನ್ನ ಅಗಲ ಪಾತ್ರೆಗೆ ಹಾಕಿ, ಒಂದು ಟೀ ಸ್ಪೂನ್ ಉಪ್ಪನ್ನ ಎಲ್ಲಾ ಕಡೆ ಉದುರಿಸಿ, ಕೈಯಲ್ಲಿ ಮೆಲ್ಲಗೆ ತಿರುವಿ, ಪ್ರತಿ ಬಿಲ್ಲೆಗೂ ಉಪ್ಪು ತಾಗ್ಬೇಕು, ಒಂದಕ್ಕೊಂದು ಅಂಟ್ಕೊಂಡಿದ್ರೆ ಬಿಡಿಸಿ. ಲೆಕ್ಕ ಇಷ್ಟೇ, ಸೌತೆಕಾಯಿ ತೂಕದ 2 ಪರ್ಸೆಂಟ್ ಉಪ್ಪು. ಜಾಸ್ತಿ ಆಯ್ತಲ್ಲ ಅನ್ಸುತ್ತೆ, ಹೆದರ್ಬೇಡಿ, ಅದರಲ್ಲಿ ತುಂಬಾ ಪಾಲು ನೀರಿನ ಜೊತೆ ಹೊರಗೆ ಹೋಗುತ್ತೆ. ಹತ್ತು ನಿಮಿಷ ಬಿಡಿ. ಗರಿಗರಿ ನಿಂತಿದ್ದ ಬಿಲ್ಲೆಗಳು ಮೆತ್ತಗಾಗಿ, ಬಗ್ಗಿಸಿದ್ರೆ ಮುರೀದೆ ಬಗ್ತವೆ, ತಳದಲ್ಲಿ ನೀರು ನಿಂತಿರುತ್ತೆ. ಬಗ್ಗಲಿಲ್ಲ ಅಂದ್ರೆ ಇನ್ನೂ ಐದು ನಿಮಿಷ. ಈ ಹತ್ತು ನಿಮಿಷದಲ್ಲಿ ವಕಾಮೆಯನ್ನ ತಣ್ಣೀರಲ್ಲಿ ನೆನೆಹಾಕಿ, ಐದು ನಿಮಿಷಕ್ಕೆ ಅರಳುತ್ತೆ, ಹತ್ತು ನಿಮಿಷ ದಾಟಿದ್ರೆ ಲೋಳೆಯಾಗುತ್ತೆ ಹಾಗಾಗಿ ಮರೀಬೇಡಿ, ಬಸಿದು ಅದನ್ನೂ ಚೆನ್ನಾಗಿ ಹಿಂಡಿಡಿ.

ಕೆಲವು ಅಡುಗೆಯವ್ರು ಒಣ ಉಪ್ಪಿನ ಬದಲು ಉಪ್ಪುನೀರಲ್ಲಿ ನೆನೆಸ್ತಾರೆ, ತಾತೆಜಿಯೊ ಅಂತ, 200 ಎಂಎಲ್ ನೀರಿಗೆ 6 ಗ್ರಾಂ ಉಪ್ಪು, ಹೆಚ್ಚುಕಮ್ಮಿ ಸಮುದ್ರದ ನೀರಿನಷ್ಟೇ ಉಪ್ಪು, ಅದರಲ್ಲಿ ಇಪ್ಪತ್ತು ನಿಮಿಷ. ಉಪ್ಪು ಸಮನಾಗಿ ಹಿಡಿಯುತ್ತೆ, ಬಿಲ್ಲೆ ಅಂದವಾಗಿರುತ್ತೆ. ನೆಂಟರಿಗೆ ಮಾಡೋವಾಗ ನಾನೂ ಹಿಂಗೇ ಮಾಡೋದು, ದಿನಾ ಮಾಡೋಕೆ ಒಣ ಉಪ್ಪೇ ಸುಲಭ.

ಹಿಂಡೋದಕ್ಕೆ ಬಂದ್ವಿ. ಒಂದು ಬಿಲ್ಲೆ ತಿಂದು ನೋಡಿ, ತುಂಬಾ ಉಪ್ಪನ್ನಿಸಿದ್ರೆ ಒಂದೇ ಒಂದು ಸಲ ತಣ್ಣೀರಲ್ಲಿ ಜಾಲಿಸಿ ಬಸೀರಿ. ಆಮೇಲೆ ಒಂದು ಹಿಡಿಯಷ್ಟು ತಗೊಂಡು ಎರಡೂ ಅಂಗೈ ಮಧ್ಯೆ ಇಟ್ಟು ಒತ್ತಿ. ತಿರುಚಬೇಡಿ, ಬಟ್ಟೆ ಹಿಂಡೋ ಹಾಗೆ ತಿರುಚಿದ್ರೆ ಹರಿಯುತ್ತೆ, ಒತ್ತಬೇಕು, ಅಕ್ಕಿ ತಂಬಿಟ್ಟು ಉಂಡೆ ಕಟ್ಟೋವಾಗ ಒತ್ತೋ ಹಾಗೆ. ಆ ಅಜ್ಜಿ ನಂಗೆ ಹೇಳ್ಕೊಟ್ಟಾಗ ಬಳಸಿದ್ದು ಒಂದೇ ಪದ, ಗ್ಯುತ್ತೊ. ನನಗೆ ಬರ್ತಿದ್ದ ಜಪಾನೀ ಭಾಷೆ ಅಷ್ಟಕ್ಕಷ್ಟೇ, ಆದ್ರೆ ಈ ಪದಕ್ಕೆ ಅರ್ಥ ಹುಡುಕ್ಬೇಕಾಗ್ಲಿಲ್ಲ, ನಾವು ಗಟ್ಟಿಯಾಗಿ ಗಬಕ್ಕನೆ ಅಂತೀವಲ್ಲ ಹಂಗೆ, ಸದ್ದಲ್ಲೇ ಅರ್ಥ ಇದೆ. ನಾನು ಮೆತ್ತಗೆ ಹಿಂಡಿದ್ದನ್ನ ನೋಡಿ ಅವರು ನನ್ನ ಕೈ ಮೇಲೆ ತಮ್ಮ ಕೈ ಇಟ್ಟು ಗ್ಯುತ್ತೊ ಅಂತ ಒತ್ತಿದ್ರು, ಎಪ್ಪತ್ತು ದಾಟಿದ ಕೈ, ಅಷ್ಟು ಬಲ ಇತ್ತು. ನೀರು ಧಾರೆಯಾಗಿ ಬಂತು. 300 ಗ್ರಾಂ ಸೌತೆಕಾಯಿಂದ ನಂಗೆ ಸುಮಾರು ಅರ್ಧ ಕಾಫಿ ಲೋಟ ನೀರು ಬರುತ್ತೆ, ನಿಮಗೆ ಬರೀ ಎರಡು ಚಮಚ ಬಂದಿದ್ರೆ ಇನ್ನೂ ಹಿಂಡೋದಿದೆ ಅಂತ ಅರ್ಥ. ಕೈಯಲ್ಲಿ ಬಲ ಇಲ್ಲದವ್ರು, ಗಂಟುನೋವಿರೋರು ತೆಳು ಪಂಚೆ ಬಟ್ಟೇಲಿ ಕಟ್ಟಿ ಮೇಲೆ ಭಾರ ಇಡಿ, ಹತ್ತು ನಿಮಿಷಕ್ಕೆ ಕೆಲಸ ಆಗುತ್ತೆ.

ಇನ್ನೊಂದು ಗುಟ್ಟು, ಹೋಟೆಲ್ ಅಡುಗೆಯವರು ಮಾಡೋದು, ಸು-ಅರಾಯ್ ಅಂತಾರೆ, ವಿನೆಗರಲ್ಲಿ ತೊಳೆಯೋದು ಅಂತ. ಹಿಂಡಿದ ಸೌತೆಕಾಯಿ ಮತ್ತೆ ವಕಾಮೆಗೆ ರಸದಿಂದ ಒಂದು ಟೇಬಲ್ ಸ್ಪೂನ್ ಹಾಕಿ ತಿರುವಿ, ಮತ್ತೊಮ್ಮೆ ಲೈಟಾಗಿ ಹಿಂಡಿ ಆ ರಸ ಚೆಲ್ಲಿಬಿಡಿ. ಉಳಿದಿದ್ದ ಹಸಿನೀರೂ ಅದರ ಜೊತೆ ಹೋಗುತ್ತೆ, ಕೊನೇಲಿ ಹಾಕೋ ರಸ ತೆಳುವಾಗಲ್ಲ. ಒಂದು ಚಮಚ ರಸ ದಂಡ ಅನ್ಸಬಹುದು, ಒಂದ್ಸಲ ಮಾಡಿ ಒಂದ್ಸಲ ಮಾಡದೆ ತಿಂದು ನೋಡಿ, ನೀವೇ ಬಿಡಲ್ಲ.

ಎಳ್ಳನ್ನ ಒಣ ಬಾಣಲೇಲಿ ಸಣ್ಣ ಉರೀಲಿ ಹುರೀರಿ, ಎರಡು ಮೂರು ಕಾಳು ಚಟಪಟ ಅಂದ ಕೂಡ್ಲೇ ಇಳಿಸಿ ಬೇರೆ ತಟ್ಟೆಗೆ ಹಾಕಿ, ಬಾಣಲೇಲೇ ಬಿಟ್ರೆ ಸೀದು ಕಹಿಯಾಗುತ್ತೆ. ಅರ್ಧ ಎಳ್ಳನ್ನ ಕುಟ್ಟಾಣೀಲಿ ಒಂದೆರಡು ಏಟು ಹಾಕಿ ತರಿತರಿ ಮಾಡಿ, ಅರ್ಧ ಹಾಗೇ ಇರ್ಲಿ. ಅಲ್ಲಿ ಇದಕ್ಕೆ ಒಳಗೆಲ್ಲ ಗೆರೆಗೆರೆ ಇರೋ ಸುರಿಬಾಚಿ ಅನ್ನೋ ಮಣ್ಣಿನ ಒರಳಿದೆ, ನಮ್ಮನೆ ಕುಟ್ಟಾಣಿ ಏನೂ ಕಮ್ಮಿ ಇಲ್ಲ.

ಬಡಿಸೋ ಹೊತ್ತಿಗೆ, ಅದಕ್ಕೆ ಮುಂಚೆ ಅಲ್ಲ, ಸೌತೆಕಾಯಿ ವಕಾಮೆ ಎಳ್ಳು ಎಲ್ಲ ಸೇರಿಸಿ ತಣ್ಣಗಿರೋ ರಸ ಹಾಕಿ ಬೆರಳ ತುದೀಲಿ ಬಿಡಿಬಿಡಿಯಾಗಿ ಕಲಸಿ. ಬಟ್ಟಲಿಗೆ ಹಾಕೋವಾಗ ಹರಡಬೇಡಿ, ಮಧ್ಯದಲ್ಲಿ ಸಣ್ಣ ಗುಡ್ಡೆಯ ಹಾಗೆ ಎತ್ತರಕ್ಕೆ ಇಟ್ಟು ಮೇಲಿಂದ ಒಂದು ಚಮಚ ರಸ ಬಿಡಿ, ಬಟ್ಟಲನ್ನೂ ಮೊದಲೇ ಫ್ರಿಡ್ಜಲ್ಲಿಟ್ಟಿದ್ರೆ ಇನ್ನೂ ಒಳ್ಳೇದು. ತಿನ್ನೋವಾಗ ಪೊರಿ ಪೊರಿ ಅಂತ ಸದ್ದು ಬರ್ಬೇಕು ಅಂತಾರೆ ಅವರು, ನಮ್ಮ ಕರುಂ ಕುರುಮ್ಮಿಗೆ ಅವರ ಪದ ಅದು.

ಸರಿಯಾಗ್ಲಿಲ್ಲ ಅಂದ್ರೆ

ಬಟ್ಟಲ ತಳದಲ್ಲಿ ನೀರು ನಿಂತಿದ್ರೆ ಕಾರಣ ಎರಡೇ, ಹಿಂಡಿದ್ದು ಸಾಲದು, ಇಲ್ಲಾ ರಸ ಹಾಕಿ ತುಂಬಾ ಹೊತ್ತಾಯ್ತು. ತೀರಾ ಉಪ್ಪಾಗಿದ್ರೆ ಮುಂದಿನ ಸಲ ಹಿಂಡೋ ಮುಂಚೆ ಜಾಲಿಸೋದು ಮರೀಬೇಡಿ, ಇವತ್ತಿಗೆ ಇನ್ನೊಂದು ಸೌತೆಕಾಯಿ ಹೆಚ್ಚಿ ಉಪ್ಪು ಹಾಕದೆ ಸೇರಿಸಿ. ಬಿಪಿ ಇರೋರು ಮನೇಲಿದ್ರೆ ಜಾಲಿಸೋದು ಕಡ್ಡಾಯ ಮಾಡ್ಕೊಳ್ಳಿ, ಸೋಯಾ ಸಾಸಲ್ಲೂ ಉಪ್ಪಿದೆ ಅನ್ನೋದು ನೆನಪಿರ್ಲಿ. ಹುಳಿ ಮೂಗಿಗೆ ಹೊಡೆದ್ರೆ ವಿನೆಗರ್ ಜಾತಿ ನೋಡಿ, ಸಕ್ಕರೆ ಸುರೀಬೇಡಿ, ಒಂದು ಚಮಚ ನೀರು ಸೇರಿಸಿದ್ರೆ ಸಾಕಾಗುತ್ತೆ. ಹಸಿರು ಹೋಗಿ ಒಣಗಿದ ಆಲಿವ್ ಬಣ್ಣಕ್ಕೆ ತಿರುಗಿದ್ರೆ ಅದು ಹುಳಿಯಿಂದ ಹರಿತ್ತು ಕೆಡೋದು, ಕೆಟ್ಟು ಹೋಗಿದೆ ಅಂತಲ್ಲ, ಆದ್ರೆ ಕಣ್ಣಿಗೆ ಚೆನ್ನಾಗಿರಲ್ಲ, ಅದಕ್ಕೇ ರಸ ಕೊನೇಲಿ ಅನ್ನೋದು.

ಕೈ ಕೂತ ಮೇಲೆ

ಒಂದೆರಡು ಸಲ ಮಾಡಿದ ಮೇಲೆ ಬದಲಾವಣೆ ಮಾಡ್ಬಹುದು. ಎಳೆ ಶುಂಠಿಯನ್ನ ಕೂದಲೆಳೆ ಹಾಗೆ ಹೆಚ್ಚಿ ಮೇಲೆ ಹಾಕಿದ್ರೆ ಬೇಸಿಗೆಗೆ ಅದಕ್ಕಿಂತ ಒಳ್ಳೇದು ಇನ್ನೊಂದಿಲ್ಲ. ಮಾಂಸಾಹಾರಿಗಳು ಬೇಯಿಸಿದ ಆಕ್ಟೋಪಸ್ ತೆಳ್ಳಗೆ ಹೆಚ್ಚಿ ಹಾಕ್ತಾರೆ, ಕೂದಲಿನಷ್ಟು ಸಣ್ಣ ಶಿರಾಸು ಮೀನು ಹಾಕ್ತಾರೆ, ಕರಾವಳಿಯವರು ಬೇಯಿಸಿ ಬಿಡಿಸಿದ ಏಡಿ ಮಾಂಸ ಹಾಕಿ ನೋಡಿ, ಜಪಾನಲ್ಲೂ ಏಡಿ ಸುನೊಮೊನೊ ದೊಡ್ಡ ಊಟದ ಪದಾರ್ಥ. ಮಕ್ಕಳಿಗೆ ಹೆಸರುಕಾಳಿನ ಪಿಷ್ಟದ ಗಾಜಿನಂಥ ಶಾವಿಗೆ, ಹರುಸಾಮೆ ಅಂತ, ಬೇಯಿಸಿ ಸೇರಿಸಿದ್ರೆ ಹೊಟ್ಟೆ ತುಂಬುತ್ತೆ.

ಟೈಮ್ ಇದ್ರೆ ಜಾಬಾರಾ ಅನ್ನೋ ಹೆಚ್ಚುವಿಕೆ ಕಲೀರಿ, ಹಾವಿನ ಹೊಟ್ಟೆ ಅಂತ ಅರ್ಥ. ಸೌತೆಕಾಯಿಯ ಎರಡೂ ಪಕ್ಕ ಒಂದೊಂದು ಚಾಪ್‌ಸ್ಟಿಕ್ ಇಟ್ಟು, ಚಾಕು ತಳ ಮುಟ್ಟದ ಹಾಗೆ ಒತ್ತೊತ್ತಾಗಿ ಓರೆಯಾಗಿ ಗೀರ್ತಾ ಹೋಗಿ, ಆ ತುದಿ ಮುಟ್ಟಿದ ಮೇಲೆ ಕಾಯಿಯನ್ನ ಮಗುಚಿ ಹಾಕಿ ಇನ್ನೊಂದು ಕಡೆಯೂ ಅದೇ ಥರ ಗೀರಿ. ಎತ್ತಿದ್ರೆ ಸ್ಪ್ರಿಂಗ್ ಥರ ಜೋಲಾಡುತ್ತೆ, ತುಂಡಾಗಲ್ಲ. ಇದನ್ನ ಉಪ್ಪುನೀರಲ್ಲಿ ನೆನೆಸಿ, ಒತ್ತಿ, ಎರಡಂಗುಲದ ತುಂಡು ಮಾಡಿ ರಸ ಹಾಕಿದ್ರೆ ಒಂದೊಂದು ಗೀರಿನ ಒಳಗೂ ಹುಳಿ ಇಳಿಯುತ್ತೆ. ನಂಗೆ ಸರಿಯಾಗಿ ಬರೋಕೆ ಹತ್ತು ಹನ್ನೆರಡು ಸೌತೆಕಾಯಿ ಬೇಕಾದ್ವು.

ಏನರ ಜೊತೆ ತಿನ್ನೋದು ಅಂತ ಕೇಳಿದ್ರೆ, ಜಪಾನಲ್ಲಿ ಸುಟ್ಟ ಮೀನು, ತೆಂಪುರಾ ಅಂಥ ಎಣ್ಣೆ ಪದಾರ್ಥದ ಪಕ್ಕಕ್ಕೆ ಇಡ್ತಾರೆ, ಬಾಯಿ ತೊಳೆದ ಹಾಗಾಗ್ಲಿ ಅಂತ. ನಮ್ಮನೇಲಿ ಬಿಸಿಬೇಳೆಬಾತ್ ಜೊತೆ ಬೂಂದಿ ಬದಲು ಇದನ್ನ ಇಟ್ಟಿದ್ದೀನಿ, ಪಕೋಡದ ಜೊತೆ ಇಟ್ಟಿದ್ದೀನಿ, ಎರಡಕ್ಕೂ ಹೊಂದುತ್ತೆ. ಮೊಸರನ್ನದ ಜೊತೆ ಮಾತ್ರ ಬೇಡ, ಹುಳಿಗೆ ಹುಳಿ ಜಗಳ ಆಡುತ್ತೆ.

ಮೊದಲೇ ಮಾಡಿಡ್ಬೇಕು ಅಂದ್ರೆ ಉಪ್ಪು ಹಾಕಿ ಹಿಂಡಿದ ಸೌತೆಕಾಯಿಯನ್ನ ಮುಚ್ಚಳದ ಡಬ್ಬೀಲಿ ಫ್ರಿಡ್ಜಲ್ಲಿಡಿ, ಮಾರನೇ ದಿನದವರೆಗೆ ಚೆನ್ನಾಗಿರುತ್ತೆ. ರಸ ಬೇರೆ ಬಾಟಲೀಲಿ ಒಂದು ವಾರ ಇರುತ್ತೆ, ನಾನು ಬೇಸಿಗೇಲಿ ನಾಲ್ಕು ಪಟ್ಟು ಮಾಡಿಟ್ಟಿರ್ತೀನಿ. ರಸ ಸೇರಿಸಿದ್ದು ಉಳಿದ್ರೆ ಅವತ್ತೇ ರಾತ್ರಿ ಮುಗಿಸಿ, ಬಟ್ಟಲ ತಳದಲ್ಲಿ ಉಳಿಯೋ ಎಳ್ಳಿನ ರಸವನ್ನ ಬಿಸಿ ಅನ್ನದ ಮೇಲೆ ಹಾಕ್ಕೊಂಡು ತಿನ್ನಿ.